‘ಹವಾಮಾನ ಯಾವಾಗ ಬದಲಾಗಿಲ್ಲ?’ ಎಂದು ಕೇಳುವವರಿಗೆ ಏನು ಹೇಳಬೇಕು

ಪ್ರಶ್ನೆ: ನಾನು ಶಿರಸಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರಿನ ಸೇವಾ ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಅರ್ಧ ಗಂಟೆ ಮಾತನಾಡಲು ಹೇಳಿದ್ದಾರೆ. ಬಂದವರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ಹಿಂದೊಮ್ಮೆ ಇದೇ ವಿಷಯ ಎತ್ತಿದಾಗ ಹಿರಿಯರೊಬ್ಬರು, “ಹವಾಮಾನ ಯಾವಾಗ ಬದಲಾಗಿಲ್ಲ ಹೇಳಿ ನೋಡೋಣ, ಬದಲಾಗುವುದಕ್ಕೇ ಹವಾಮಾನ ಅನ್ನುವುದು” ಎಂದರು. ಸಭೆ ನಕ್ಕಿತು, ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಬ್ಬರು ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಓದಿದರು: ಮೊದಲು ‘ಜಾಗತಿಕ ತಾಪಮಾನ ಏರಿಕೆ’ ಎನ್ನುತ್ತಿದ್ದವರು, ಬಿಸಿ ಏರುವುದು ನಿಂತ ಮೇಲೆ ಸದ್ದಿಲ್ಲದೆ ‘ಹವಾಮಾನ ಬದಲಾವಣೆ’ ಎಂದು ಹೆಸರು ಬದಲಾಯಿಸಿದರಂತೆ. ಟಿವಿ ಹಚ್ಚಿದರೆ ‘ಪ್ರಕೃತಿಯ ಮುನಿಸು’, ‘ವರುಣನ ಆರ್ಭಟ’. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ‘ಹವಾಮಾನ ತುರ್ತು ಪರಿಸ್ಥಿತಿ’ ಎಂದೇ ಹೇಳಬೇಕು, ಮೆತ್ತಗೆ ಹೇಳಿದರೆ ಯಾರಿಗೂ ನಾಟುವುದಿಲ್ಲ ಎನ್ನುತ್ತಾಳೆ. ಯಾವ ಪದ ಬಳಸಲಿ? ಪದದಿಂದ ನಿಜವಾಗಿಯೂ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ವೇದಿಕೆಯ ಮೇಲೆ ಯಾವ ಹೆಸರು ಹೇಳಬೇಕು ಎಂಬುದು ಒಂದು. ಹೇಳಿದ ಮೇಲೆ ಸಭೆ ಮತ್ತೆ ನಕ್ಕರೆ ಏನು ಮಾಡುವುದು ಎಂಬುದು ಇನ್ನೊಂದು. ನೀವು ಅದನ್ನು ಬಾಯಿಬಿಟ್ಟು ಕೇಳಿಲ್ಲವಾದರೂ ಪತ್ರದ ಭಾರವೆಲ್ಲ ಅದರ ಮೇಲೆಯೇ ಇದೆ. ಇಂಗ್ಲಿಷಿನಲ್ಲಿ ಬರುವ ಮುನ್ಸೂಚನೆಗಳನ್ನು ಕನ್ನಡದ ಕೃಷಿ ಹವಾಮಾನ ಸಲಹೆಗಳಾಗಿ ಬರೆಯುವುದು, ಆಮೇಲೆ ಅವನ್ನು ಓದಿದ ರೈತರ ಎದುರು ಕುಳಿತು “ಇದರಿಂದ ನಿಮಗೆ ತಿಳಿದದ್ದೇನು” ಎಂದು ಕೇಳುವುದು ನನ್ನ ವೃತ್ತಿ. ಆ ಅನುಭವದ ಮೇಲೆ ಹೇಳುವುದಾದರೆ, ಹೆಸರಿನಿಂದ ಆಗುವ ವ್ಯತ್ಯಾಸ ನಾವು ಭಾವಿಸಿರುವುದಕ್ಕಿಂತ ಕಡಿಮೆ; ಆ ಹೆಸರನ್ನು ಇಟ್ಟುಕೊಂಡು ಕಟ್ಟುವ ವಾಕ್ಯದಿಂದ ಆಗುವ ವ್ಯತ್ಯಾಸ ಬಹಳ ಹೆಚ್ಚು. ಯಾರು ಏನು ಮಾಡಿದ್ದರಿಂದ ಏನಾಯಿತು, ಎಲ್ಲಿ, ಎಷ್ಟು, ಎಷ್ಟು ಖಚಿತವಾಗಿ ಎಂಬುದು ವಾಕ್ಯದಲ್ಲಿ ಇದ್ದರೆ ಚರ್ಚೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಹೆಸರಿನ ಸುತ್ತಲೇ ಗಿರಕಿ ಹೊಡೆಯುತ್ತದೆ.

ವಾಟ್ಸ್‌ಆ್ಯಪ್ ಸಂದೇಶದ ವಿಚಾರವನ್ನು ಮೊದಲು ಮುಗಿಸೋಣ. ಬಿಸಿ ನಿಂತದ್ದರಿಂದ ಹೆಸರು ಬದಲಾಯಿತು ಎಂಬುದು ಸುಳ್ಳು. ಅಮೆರಿಕದ ಭೂವಿಜ್ಞಾನಿ ವಾಲೇಸ್ ಬ್ರೋಕರ್ 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನದ ಶೀರ್ಷಿಕೆಯಲ್ಲೇ ಎರಡೂ ಮಾತುಗಳು ಒಟ್ಟಿಗೆ ಇವೆ. 1988ರಲ್ಲಿ ಹುಟ್ಟಿದ, ಈ ವಿಷಯದ ಸಂಶೋಧನೆಗಳನ್ನು ಒರೆಗೆ ಹಚ್ಚಿ ವರದಿ ಕೊಡುವ ವಿಶ್ವಸಂಸ್ಥೆಯ ತಜ್ಞರ ಸಮಿತಿಯಾದ ಐಪಿಸಿಸಿಯ ಹೆಸರಿನಲ್ಲಿ ಇರುವುದೂ, 1992ರ ವಿಶ್ವಸಂಸ್ಥೆಯ ಒಡಂಬಡಿಕೆಯ ಹೆಸರಿನಲ್ಲಿ ಇರುವುದೂ ‘ಹವಾಮಾನ ಬದಲಾವಣೆ’ಯೇ. ಅವು ಒಂದರ ಜಾಗಕ್ಕೆ ಇನ್ನೊಂದು ಬಂದ ಹೆಸರುಗಳಲ್ಲ. ಭೂಮಿಯ ಸರಾಸರಿ ತಾಪ ಏರುವುದು ಒಂದು ಸಂಗತಿ, ಅದರ ಬೆನ್ನಿಗೆ ಮಳೆ, ಗಾಳಿ, ಹಿಮ, ಸಮುದ್ರಮಟ್ಟಗಳಲ್ಲಿ ಆಗುವುದೆಲ್ಲ ಸೇರಿದರೆ ಇನ್ನೊಂದು. ತಾಪ ಏರುವುದಂತೂ ನಿಂತಿಲ್ಲ. 1980ರ ದಶಕದಿಂದ ಈಚೆಗೆ ಪ್ರತಿಯೊಂದು ದಶಕವೂ ಅದರ ಹಿಂದಿನದಕ್ಕಿಂತ ಬಿಸಿಯಾಗಿತ್ತು. 2024 ದಾಖಲೆಯಲ್ಲೇ ಅತ್ಯಂತ ಬಿಸಿಯ ವರ್ಷವಾಯಿತು.

ಆದರೆ ಸಂದೇಶದೊಳಗೆ ಒಂದು ಎಳೆ ನಿಜ ಸಿಕ್ಕಿಹಾಕಿಕೊಂಡಿದೆ, ಅದನ್ನು ಮುಚ್ಚಿಡುವುದು ಬೇಡ. ಅಮೆರಿಕದ ರಿಪಬ್ಲಿಕನ್ ಪಕ್ಷಕ್ಕೆ ಮಾತಿನ ಸಲಹೆ ಕೊಡುತ್ತಿದ್ದ ಫ್ರಾಂಕ್ ಲಂಟ್ಜ್ ಎಂಬವರು 2002ರ ಸುಮಾರಿಗೆ ಬರೆದ ಟಿಪ್ಪಣಿಯೊಂದರಲ್ಲಿ, ‘ತಾಪಮಾನ ಏರಿಕೆ’ ಎಂದರೆ ಜನ ಹೆದರುತ್ತಾರೆ, ‘ಹವಾಮಾನ ಬದಲಾವಣೆ’ ಎಂದರೆ ಅಷ್ಟು ಹೆದರುವುದಿಲ್ಲ, ಆದ್ದರಿಂದ ಎರಡನೆಯದನ್ನು ಬಳಸಿ, ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂಬುದನ್ನು ಒತ್ತಿ ಹೇಳಿ ಎಂದು ಸಲಹೆ ಮಾಡಿದ್ದರು. ಅಂದರೆ ಮೆತ್ತನೆಯ ಹೆಸರನ್ನು ಬೇಕೆಂದೇ ಮುಂದೆ ತಳ್ಳಿದ್ದು ವಿಜ್ಞಾನಿಗಳಲ್ಲ, ಕ್ರಮ ಕೈಗೊಳ್ಳುವುದು ಬೇಡವಾಗಿದ್ದವರು. 2019ರಲ್ಲಿ ಅದೇ ಲಂಟ್ಜ್ ಅಮೆರಿಕದ ಸೆನೆಟರ್‌ಗಳ ಮುಂದೆ ತಮ್ಮ ಹಳೆಯ ನಿಲುವು ತಪ್ಪಾಗಿತ್ತು ಎಂದು ಹೇಳಿದರು.

ಹಾಗಾದರೆ ಹೆಸರಿಗೆ ಬಲವಿದೆ ಎಂದಾಯಿತಲ್ಲ ಎಂದು ನೀವು ಕೇಳಬಹುದು. ಇದೆ, ಎಲ್ಲೆಡೆಯೂ ಅಲ್ಲ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಿಪಬ್ಲಿಕನ್ ಬೆಂಬಲಿಗರನ್ನು ‘ತಾಪಮಾನ ಏರಿಕೆ ನಿಜವೇ’ ಎಂದು ಕೇಳಿದಾಗ ಹೌದೆಂದವರು ಶೇ 44. ‘ಹವಾಮಾನ ಬದಲಾವಣೆ ನಿಜವೇ’ ಎಂದು ಕೇಳಿದಾಗ ಶೇ 60. ಡೆಮಾಕ್ರಾಟರ ಉತ್ತರದಲ್ಲಿ ಮಾತ್ರ ವ್ಯತ್ಯಾಸವೇ ಇರಲಿಲ್ಲ. ಪದವು ಪಕ್ಷದ ಬಾವುಟವಾಗಿದ್ದ ಕಡೆ ಮಾತ್ರ ಅದು ಕೆಲಸ ಮಾಡಿತ್ತು. ಈಚೆಗೆ 63 ದೇಶಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ, ‘ಬದಲಾವಣೆ’, ‘ಬಿಕ್ಕಟ್ಟು’, ‘ತುರ್ತು’ ಮೊದಲಾದ ಹತ್ತು ಹೆಸರುಗಳನ್ನು ಒರೆಗೆ ಹಚ್ಚಿ, ಯಾವ ಹೆಸರು ಕೇಳಿದರೂ ಏನಾದರೂ ಮಾಡಬೇಕೆಂಬ ಮನಸ್ಸು ಜನರಲ್ಲಿ ಹೆಚ್ಚು ಕಡಿಮೆಯಾಗಲಿಲ್ಲ ಎಂದು ಕಂಡುಕೊಂಡಿತು. ಭಾರತದ ಸ್ಥಿತಿ ಬೇರೆಯದೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಸಿವೋಟರ್ ಎಂಬ ಸಮೀಕ್ಷಾ ಸಂಸ್ಥೆಯ ಜೊತೆ ಸೇರಿ ನಡೆಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತೀಯರು ತಾಪಮಾನ ಏರಿಕೆಯ ಬಗ್ಗೆ ಸ್ವಲ್ಪ ಗೊತ್ತು ಅಥವಾ ಏನೂ ಕೇಳಿಲ್ಲ ಎಂದರು; ಎರಡು ಮೂರು ವಾಕ್ಯಗಳಲ್ಲಿ ವಿವರಿಸಿದ ಮೇಲೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ, ಹೌದು, ಇದು ನಡೆಯುತ್ತಿದೆ ಎಂದರು. ಹೆಸರು ಮಾಡದ ಕೆಲಸವನ್ನು ಎರಡು ಮೂರು ವಾಕ್ಯಗಳು ಮಾಡಿದವು. ನಿಮ್ಮ ಸಭೆಯಲ್ಲೂ ಇದಕ್ಕಿಂತ ಬೇರೆ ಆಗಲಾರದು.

ಈಗ ಆ ಹಿರಿಯರ ಮಾತು. ಅವರು ವಿಜ್ಞಾನವನ್ನು ತಳ್ಳಿಹಾಕಿದರೆಂದು ನಾನು ಎಣಿಸುವುದಿಲ್ಲ. ಪದವನ್ನು ಅದರ ಬಳಕೆಯ ಅರ್ಥದಲ್ಲೇ ಹಿಡಿದು ಮಾತಾಡಿದ್ದಾರೆ. ಕನ್ನಡದಲ್ಲಿ ಹವಾಮಾನ ಎಂದರೆ ಇವತ್ತಿನ, ನಾಳೆಯ ಸಂಗತಿ. ಹವಾಮಾನ ಇಲಾಖೆ, ಹವಾಮಾನ ವರದಿ ಎಂದು ಕೇಳಿ ಬೆಳೆದವರಿಗೆ ‘ಹವಾಮಾನ ಬದಲಾವಣೆ’ ಎಂದರೆ ನಿನ್ನೆ ಬಿಸಿಲು, ಇವತ್ತು ಮೋಡ ಎಂದೇ ಮೊದಲು ಹೊಳೆಯುತ್ತದೆ. ಶಾಲೆಯ ಭೂಗೋಳ ಪುಸ್ತಕಗಳು ದೀರ್ಘಕಾಲದ ಸರಾಸರಿಗೆ ‘ವಾಯುಗುಣ’ ಎಂಬ ಬೇರೆ ಮಾತನ್ನು ಇಟ್ಟುಕೊಂಡಿವೆ, ಅದು ನಿಮಗೆ ಗೊತ್ತಿರುವುದೇ. ಪತ್ರಿಕೆಗಳು ಅದನ್ನು ಕೈಬಿಟ್ಟದ್ದರಿಂದ ತರಗತಿಯ ಹೊರಗೆ ಅದು ಬದುಕಲಿಲ್ಲ. ಇನ್ನು ಪತ್ರಿಕೆಗಳ ಮೆಚ್ಚಿನ ‘ಹವಾಮಾನ ವೈಪರೀತ್ಯ’ ಎಲ್ಲರಿಗೂ ತಿಳಿಯುವ ಮಾತೇ ಆದರೂ, ಅಡ್ಡಿಯೆಂದರೆ ವೈಪರೀತ್ಯ ಬಂದು ಹೋಗುವಂಥದ್ದು. ಈ ವರ್ಷ ವಿಪರೀತ, ಮುಂದಿನ ವರ್ಷ ಸರಿಹೋದೀತು ಎಂಬ ನಿರೀಕ್ಷೆ ಅದರೊಳಗೇ ಕುಳಿತಿದೆ.

ಆದ್ದರಿಂದ ಹೊಸ ಹೆಸರು ಟಂಕಿಸಲು ಹೋಗದೆ, ಎಲ್ಲರಿಗೂ ಪರಿಚಿತವಾದ ‘ಹವಾಮಾನ ಬದಲಾವಣೆ’ಯನ್ನೇ ಬಳಸಿ, ಅದರ ಬೆನ್ನಿಗೇ ಇನ್ನೊಂದು ವಾಕ್ಯ ಸೇರಿಸಿ ಎಂಬುದು ನನ್ನ ಸಲಹೆ. ಹಿರಿಯರ ಮಾತನ್ನು ಒಪ್ಪಿಕೊಂಡೇ ಶುರುಮಾಡಬಹುದು: “ನೀವು ಹೇಳಿದ್ದು ಸರಿ, ಹವಾಮಾನ ದಿನಾ ಬದಲಾಗುತ್ತದೆ. ಮೂವತ್ತು ವರ್ಷಗಳ ಸರಾಸರಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಆ ಸರಾಸರಿಯೇ ಈಗ ತನ್ನ ಜಾಗದಿಂದ ಜರುಗಿದೆ, ನಾನು ಹೇಳಹೊರಟಿದ್ದು ಅದನ್ನು.” ಸಾವಿರಾರು ವರ್ಷಗಳ ಹಿಂದೆಯೂ ಜರುಗಿತ್ತಲ್ಲ ಎಂದರೆ, ಅದೂ ಹೌದು ಎನ್ನಿ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿದ್ದಾಗ ಭೂಮಿಯ ಸರಾಸರಿ ತಾಪ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ 5ರಿಂದ 7 ಡಿಗ್ರಿ ಮಾತ್ರ ಕಡಿಮೆಯಿತ್ತು. ಅಷ್ಟು ಏರಲು ಹತ್ತು ಸಾವಿರ ವರ್ಷಗಳ ಆಸುಪಾಸು ಹಿಡಿಯಿತು. ಈಗ ಒಂದು ಡಿಗ್ರಿಗೂ ಮಿಕ್ಕಿ ಏರಲು ಒಂದೂವರೆ ಶತಮಾನ ಸಾಕಾಯಿತು, ಕಾರಣವೂ ಗೊತ್ತಿದೆ: ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ 420ನ್ನು ದಾಟಿದೆ. ಈ ವಿವರ ಇಲ್ಲದೆ, ತಾಪದ ಏರಿಕೆ ದಾಟದಂತೆ ನೋಡಿಕೊಳ್ಳಬೇಕೆಂದು ದೇಶಗಳು ಎಳೆದುಕೊಂಡಿರುವ ‘1.5 ಡಿಗ್ರಿ’ಯ ಗೆರೆಯನ್ನಷ್ಟೇ ಹೇಳಿದರೆ, ಬೆಳಗಿನಿಂದ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರುವುದನ್ನು ದಿನವೂ ನೋಡುವವರಿಗೆ ಅದೊಂದು ಸಂಖ್ಯೆಯೇ ಅಲ್ಲ.

ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟ ಮಾತು ‘ಸಾಧ್ಯತೆ’. ಮಂಗಳವಾರ, ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯಲ್ಲಿ “ಜಿಲ್ಲೆಯ ಅಲ್ಲಲ್ಲಿ ಭಾರಿ ಮಳೆಯಾಗುವ ಸಾಧ್ಯತೆಯಿದೆ” ಎಂಬ ಸಾಲು ಇದೆ ಎನ್ನಿ. ಈ ಸಾಲಿನಲ್ಲಿ ಮೂರು ಅಳತೆಗಳು ಅಡಗಿವೆ, ಓದುವವರಿಗೆ ಒಂದೂ ಕಾಣಿಸುವುದಿಲ್ಲ. ‘ಅಲ್ಲಲ್ಲಿ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 26ರಿಂದ 50ರಷ್ಟು ಕಡೆ ಎಂದು ಇಲಾಖೆಯ ಲೆಕ್ಕ. ಕೇಳುವವರಿಗೆ ಅದು ಜಾರಿಕೊಳ್ಳುವ ಮಾತು. ‘ಭಾರಿ’ ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಮೇಲೆ, ‘ಅತಿ ಭಾರಿ’ ಎಂದರೆ 115.6ರಿಂದ ಮೇಲೆ, 204.5 ಮುಟ್ಟಿದರೆ ಅದಕ್ಕೂ ಮೇಲಿನ ದರ್ಜೆ. ಬಯಲುಸೀಮೆಯಲ್ಲಿ ಕೆರೆ ಕೋಡಿ ಬೀಳಿಸಬಹುದಾದ 65 ಮಿಲಿಮೀಟರ್ ನಿಮ್ಮ ಕಡೆ ಆಷಾಢದಲ್ಲಿ ಹೊಸತೇನಲ್ಲ. ‘ಭಾರಿ’ ಎಂದಾಗ ನಿಮ್ಮವರು ಕತ್ತೆತ್ತಿಯೂ ನೋಡುವುದಿಲ್ಲ, ನೋಡಬೇಕಾದ ಕಾರಣವೂ ಇಲ್ಲ. ಇನ್ನು ‘ಸಾಧ್ಯತೆ’. ಇಲಾಖೆಯ ಇಂಗ್ಲಿಷ್ ಪ್ರಕಟಣೆಗಳಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳಿವೆ: ಶೇ 25ರಿಂದ 50, ಶೇ 50ರಿಂದ 75, ಶೇ 75ಕ್ಕಿಂತ ಮೇಲೆ. ಕನ್ನಡಕ್ಕೆ ಬರುವಾಗ ಮೂರೂ ಬಹುಮಟ್ಟಿಗೆ ‘ಸಾಧ್ಯತೆಯಿದೆ’ ಎಂಬ ಒಂದೇ ಗುಂಡಿಗೆ ಬೀಳುತ್ತವೆ. ಮಳೆ ಬಂದರೂ ನಿಜ, ಬರದಿದ್ದರೂ ನಿಜ ಎಂದು ಜನ ನಗುವುದು ಅದಕ್ಕೇ.

ಇದೇ ಗೊಂದಲ ಐಪಿಸಿಸಿ ವರದಿಗಳು ಕನ್ನಡಕ್ಕೆ ಬರುವಾಗ ಇನ್ನೂ ದುಬಾರಿಯಾಗುತ್ತದೆ. ಆ ಸಂಸ್ಥೆಯ ಪರಿಭಾಷೆಯಲ್ಲಿ ‘ಸಾಧ್ಯತೆಯಿದೆ’ ಎಂಬ ಮೆಟ್ಟಿಲೇ ಶೇ 66ರಿಂದ ಶುರುವಾಗುತ್ತದೆ. ಅದರ ಮೇಲಿನದು 90, ಅದಕ್ಕೂ ಮೇಲೆ 95, ಕೊನೆಯದು 99. ತಾಪ ಏರುವುದರಲ್ಲಿ ಮನುಷ್ಯರ ಪಾಲಿನ ಬಗ್ಗೆ 1995ರ ವರದಿ ‘ಪ್ರಭಾವ ಗುರುತಿಸಬಹುದಾಗಿದೆ’ ಎಂದಿತು, 2001ರದು 66ರ ಮೆಟ್ಟಿಲಿನಲ್ಲಿ ನಿಂತಿತು, 2007ರದು 90ಕ್ಕೆ, 2013ರದು 95ಕ್ಕೆ ಏರಿತು, 2021ರದು ‘ನಿಸ್ಸಂದಿಗ್ಧ’ ಎಂದು ಬರೆಯಿತು. ಇಪ್ಪತ್ತಾರು ವರ್ಷಗಳ ಈ ಏರಿಕೆಯನ್ನು “ಮಾನವ ಚಟುವಟಿಕೆಯೇ ಕಾರಣವಿರಬಹುದು ಎಂದು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ” ಎಂಬ ಒಂದೇ ಸಾಲಿಗೆ ಇಳಿಸಿದ ಸುದ್ದಿಗಳನ್ನು ಈಗಲೂ ನೋಡುತ್ತೇನೆ. ಡೇವಿಡ್ ಬುಡೆಸ್ಕು ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಹಲವು ದೇಶಗಳಲ್ಲಿ ಪರೀಕ್ಷಿಸಿ ತೋರಿಸಿದ್ದೂ ಇದನ್ನೇ: ಶೇ 90ಕ್ಕಿಂತ ಹೆಚ್ಚು ಎಂಬರ್ಥದಲ್ಲಿ ಬರೆದ ಮಾತನ್ನು ಓದುಗರು ಅದಕ್ಕಿಂತ ಎಷ್ಟೋ ಕೆಳಗಿನ ಸಂಖ್ಯೆಯಾಗಿ ಓದಿಕೊಳ್ಳುತ್ತಾರೆ, ಪದದ ಪಕ್ಕದಲ್ಲೇ ಸಂಖ್ಯೆ ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆ. ನೀವೂ ಹಾಗೇ ಮಾಡಿ. “ನೂರರಲ್ಲಿ ತೊಂಬತ್ತೈದು ಪಾಲು ಖಚಿತ” ಎಂದರೆ ಸಂಘದ ಸಭೆಯಲ್ಲಿ ಅರ್ಥವಾಗದವರು ಇರುವುದಿಲ್ಲ.

ಅಂದಹಾಗೆ, ‘ಮೇಘಸ್ಫೋಟ’ ಎಂಬ ಮಾತನ್ನೂ ಸ್ವಲ್ಪ ಬಿಗಿಹಿಡಿಯಬೇಕು. ಒಂದು ಸಣ್ಣ ಪ್ರದೇಶದಲ್ಲಿ ಒಂದು ಗಂಟೆಯೊಳಗೆ 100 ಮಿಲಿಮೀಟರ್ ಸುರಿದರೆ ಮಾತ್ರ ಅದಕ್ಕೆ ಆ ಹೆಸರು. ದಿನವಿಡೀ ಸುರಿದ ಜೋರು ಮಳೆಗೆಲ್ಲ ಅದನ್ನು ಹಚ್ಚಿದರೆ, ಚರಂಡಿ ಮುಚ್ಚಿದವರು, ರಾಜಕಾಲುವೆ ನುಂಗಿದವರು ನಿರಾಳರಾಗುತ್ತಾರೆ.

ಇದು ನಿಮ್ಮ ‘ಮುನಿಸು’, ‘ಆರ್ಭಟ’ಗಳಿಗೆ ಕರೆತರುತ್ತದೆ. ಟಿವಿಯ ಅಲಂಕಾರದ ಬಗ್ಗೆ ನನಗೆ ವಿಶೇಷ ತಕರಾರಿಲ್ಲ. ತಕರಾರು ಇರುವುದು ವಾಕ್ಯದ ಕರ್ತೃವಿನ ಬಗ್ಗೆ. ವರುಣ ಆರ್ಭಟಿಸಿದ, ಗುಡ್ಡ ಕುಸಿಯಿತು, ಕಾಡು ನಾಶವಾಯಿತು ಎನ್ನುವಾಗ ಮಾಡಿದವರು ವಾಕ್ಯದಿಂದಲೇ ಮಾಯವಾಗಿರುತ್ತಾರೆ. 2024ರ ಜುಲೈ 16ರಂದು ನಿಮ್ಮದೇ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ ಮೊದಲ ದಿನ ಕೇಳಿದ್ದು ‘ಪ್ರಕೃತಿ ವಿಕೋಪ’. ರಸ್ತೆ ಅಗಲಗೊಳಿಸಲು ಗುಡ್ಡದ ಬುಡವನ್ನು ಹೇಗೆ ಕಡಿಯಲಾಗಿತ್ತು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಆದರೆ ಇಲ್ಲಿ ಎಚ್ಚರ ಬೇಕು, ಏಕೆಂದರೆ ‘ಹವಾಮಾನ ಬದಲಾವಣೆ’ಯೂ ಅಷ್ಟೇ ಚೆನ್ನಾಗಿ ಅಡಗುತಾಣವಾಗಬಲ್ಲದು. ಎಲ್ಲ ಕುಸಿತ, ಎಲ್ಲ ನೆರೆಗೂ ಅದೇ ಕಾರಣ ಎಂದು ಹೇಳುವ ಅಧಿಕಾರಿ, ತನ್ನ ಕೈಯಲ್ಲಿದ್ದ ಕೆಲಸದ ಬಗ್ಗೆ ಉತ್ತರ ಕೊಡಬೇಕಾಗಿಲ್ಲ. ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದ ಮೇಲೆ ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ಎಂಬ ವಿಜ್ಞಾನಿಗಳ ತಂಡ ಲೆಕ್ಕಹಾಕಿ ಹೇಳಿದ್ದು, ತಾಪ ಏರಿದ್ದರಿಂದ ಆ ಮಳೆ ಸುಮಾರು ಶೇ 10ರಷ್ಟು ಹೆಚ್ಚು ಬಿರುಸಾಯಿತು ಎಂದು. ಶೇ 10 ಎಂಬುದು ಚಿಕ್ಕದೂ ಅಲ್ಲ, ಪೂರ್ತಿ ಕಾರಣವೂ ಅಲ್ಲ. ಉಳಿದ ಪ್ರಶ್ನೆಗಳು, ಎಂದರೆ ಇಳಿಜಾರಿನಲ್ಲಿ ಏನು ಕಟ್ಟಿದ್ದರು, ಮರ ಎಷ್ಟು ಉಳಿದಿತ್ತು, ಎಚ್ಚರಿಕೆ ಯಾರಿಗೆ ಯಾವಾಗ ತಲುಪಿತು ಎಂಬವು ಹಾಗೆಯೇ ಉಳಿಯುತ್ತವೆ. “ಹವಾಮಾನ ಬದಲಾವಣೆಯಿಂದಾಗಿ ಗುಡ್ಡ ಕುಸಿಯಿತು” ಎನ್ನುವುದಕ್ಕೂ “ಬಿರುಸಾದ ಮಳೆ, ಕಡಿದ ಗುಡ್ಡದ ಮೇಲೆ ಬಿತ್ತು” ಎನ್ನುವುದಕ್ಕೂ ಇರುವ ಅಂತರ ದೊಡ್ಡದು. ಎರಡನೆಯದನ್ನು ಕೇಳಿದ ಊರಿನವರು ಮುಂದಿನ ಪ್ರಶ್ನೆಯನ್ನು ತಾವೇ ಕೇಳುತ್ತಾರೆ.

ನಮ್ಮ ಭಾಷಣಗಳಲ್ಲಿ ಇನ್ನೊಬ್ಬ ಮಾಯಾವಿ ಕರ್ತೃ ಇದ್ದಾನೆ: ‘ಮನುಷ್ಯನ ದುರಾಸೆ’. ಯಾವ ಮನುಷ್ಯನ? ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಅಮೆರಿಕದವನದು ಸುಮಾರು 14. ಈ ‘ನಾವೆಲ್ಲರೂ’ ಎಂಬ ಮಾತಿಗೆ 1991ರಲ್ಲೇ ತಡೆಯೊಡ್ಡಿದವರು ದೆಹಲಿಯ ಪರಿಸರ ಚಿಂತಕರಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್. ಬದುಕಲು ಬೇಕಾದ ಹೊಗೆ ಬೇರೆ, ಭೋಗದ ಹೊಗೆ ಬೇರೆ ಎಂಬ ವಾದವನ್ನು ಅವರು ಮುಂದಿಟ್ಟರು. ಅದಕ್ಕೆ ತದ್ವಿರುದ್ಧವಾಗಿ, ಒಬ್ಬೊಬ್ಬರೂ ತಮ್ಮ ‘ಇಂಗಾಲದ ಹೆಜ್ಜೆಗುರುತು’, ಎಂದರೆ ತಮ್ಮಿಂದ ಗಾಳಿಗೆ ಸೇರುವ ಇಂಗಾಲದ ಲೆಕ್ಕ, ಅಳೆದುಕೊಳ್ಳಲಿ ಎಂಬ ಮಾತನ್ನು 2000ದ ದಶಕದಲ್ಲಿ ಜಾಹೀರಾತಿನ ಮೂಲಕ ಮನೆಮಾತು ಮಾಡಿದ್ದು ಬಿಪಿ ಎಂಬ ತೈಲ ಕಂಪನಿ. ಹಾಗೆಂದು ದೇಶದ ಸರಾಸರಿಯ ಹಿಂದೆ ಅವಿತುಕೊಳ್ಳುವುದೂ ಸಲ್ಲದು. 2021ರಲ್ಲಿ ಗ್ಲಾಸ್ಗೊದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದ ಕೊನೆಯ ಗಳಿಗೆಯಲ್ಲಿ, ಕಲ್ಲಿದ್ದಲನ್ನು ‘ಹಂತಹಂತವಾಗಿ ನಿಲ್ಲಿಸುವುದು’ ಎಂದಿದ್ದ ಮಾತನ್ನು ‘ಹಂತಹಂತವಾಗಿ ತಗ್ಗಿಸುವುದು’ ಎಂದು ಮಾಡಿಸಿದ್ದು ಭಾರತವೇ. ಒಂದು ಕ್ರಿಯಾಪದಕ್ಕಾಗಿ ಇಡೀ ಜಗತ್ತು ಕಾದು ಕುಳಿತ ಸಂದರ್ಭ ಅದು. ನಿಮ್ಮ ಸಭೆಯಲ್ಲಿ ಇಷ್ಟೆಲ್ಲ ಬೇಕಾಗದು, ಆದರೆ ‘ದುರಾಸೆ’ ಎಂಬ ಮಾತು ಮಾತ್ರ ಬಾಯಿಗೆ ಬಾರದಿರಲಿ. ಎರಡು ಎಕರೆ ತೋಟದವರು ಅದನ್ನು ತಮಗೇ ಹೇಳಿದ್ದೆಂದು ತಿಳಿಯುತ್ತಾರೆ.

ಪದಗಳಿಗೆ ದುಡ್ಡಿನ ಲೆಕ್ಕವೂ ಅಂಟಿಕೊಂಡಿರುತ್ತದೆ ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2016ರಲ್ಲಿ ಹವಾಮಾನ ಇಲಾಖೆ ತನ್ನ ವರದಿಗಳಲ್ಲಿ ‘ಬರ’ ಎನ್ನುವುದನ್ನು ಬಿಟ್ಟು ‘ಕೊರತೆಯ ವರ್ಷ’ ಎನ್ನತೊಡಗಿತು. ಬರ ಘೋಷಣೆ ರಾಜ್ಯಗಳ ಕೆಲಸ, ತನ್ನದಲ್ಲ ಎಂಬುದು ಅದರ ನಿಲುವು. ಅದೇ ವರ್ಷದ ಕೇಂದ್ರದ ಬರ ಕೈಪಿಡಿ, ‘ತೀವ್ರ’ ಎಂಬ ವಿಶೇಷಣಕ್ಕೆ ಅರ್ಹವಾದ ಬರಕ್ಕೆ ಮಾತ್ರ ರಾಷ್ಟ್ರೀಯ ನಿಧಿಯ ನೆರವು ಕೇಳಬಹುದೆಂದು ಮಾಡಿತು. 2023ರಲ್ಲಿ ಕರ್ನಾಟಕ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿ ₹18,171 ಕೋಟಿ ಕೇಳಿತು. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು ₹3,454 ಕೋಟಿ.

ಇನ್ನು ನಿಮ್ಮ ಮಗಳ ಮಾತಿಗೆ ಬರುತ್ತೇನೆ. ಮೆತ್ತಗೆ ಹೇಳಿದರೆ ನಾಟುವುದಿಲ್ಲ ಎಂಬ ಅವರ ಅಸಹನೆ ನ್ಯಾಯವಾದದ್ದು. ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ 2019ರಲ್ಲಿ ತನ್ನ ಬರಹಗಾರರಿಗೆ ‘ಬದಲಾವಣೆ’ಯ ಬದಲು ‘ತುರ್ತು’, ‘ಬಿಕ್ಕಟ್ಟು’ ಎಂದು ಬರೆಯಲು ಸೂಚಿಸಿದ್ದೂ ಇದೇ ಕಾರಣಕ್ಕೆ. ಆದರೆ ನಮ್ಮಲ್ಲಿ ‘ತುರ್ತು ಪರಿಸ್ಥಿತಿ’ ಎಂದೊಡನೆ ಅರವತ್ತು ದಾಟಿದವರ ಮನಸ್ಸಿಗೆ ಬರುವುದು 1975: ಜೈಲು, ಪತ್ರಿಕೆಗಳ ಮೇಲಿನ ಕಾವಲು, ಒತ್ತಾಯದ ಆಪರೇಷನ್. ಸರ್ಕಾರ ಜನರ ಮೇಲೆ ಕೈಮಾಡುವ ಕಾಲದ ಹೆಸರನ್ನು ತಂದು, ಜನ ಸರ್ಕಾರದಿಂದ ಕೆಲಸ ಕೇಳಬೇಕಾದ ಸಂಗತಿಗೆ ಇಡುವುದು ಸರಿಹೊಂದುವುದಿಲ್ಲ. ‘ಬಿಕ್ಕಟ್ಟು’ ಎನ್ನಬಹುದು, ಅದಕ್ಕೆ ಆ ನೆನಪಿನ ಹೊರೆಯಿಲ್ಲ, ಸವೆದುಹೋಗುವ ಅಪಾಯ ಮಾತ್ರ ಇದೆ. ಗಡುವಿನ ಭಾಷೆಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. 1.5 ಡಿಗ್ರಿಯೊಳಗೆ ನಿಲ್ಲಬೇಕಾದರೆ 2010ಕ್ಕೆ ಹೋಲಿಸಿ 2030ರ ಹೊತ್ತಿಗೆ ಇಂಗಾಲದ ಡೈಆಕ್ಸೈಡಿನ ಹೊಗೆ ಸುಮಾರು ಶೇ 45ರಷ್ಟು ಇಳಿಯಬೇಕು ಎಂದು ಐಪಿಸಿಸಿಯ 2018ರ ವರದಿ ಹೇಳಿತ್ತು. ಅದು ಬೀದಿಗೆ ಬರುವ ಹೊತ್ತಿಗೆ “ಇನ್ನು ಹನ್ನೆರಡೇ ವರ್ಷ ಉಳಿದಿರುವುದು” ಎಂದಾಯಿತು. 2031ರ ಜನವರಿಯಲ್ಲಿ ಸೂರ್ಯ ಎಂದಿನಂತೆ ಹುಟ್ಟುತ್ತಾನೆ. ಆಗ ಇದೇ ವಾಟ್ಸ್‌ಆ್ಯಪ್ ಗುಂಪು ಆ ಮಾತನ್ನು ಎತ್ತಿ ತೋರಿಸುತ್ತದೆ. ಪ್ರತಿಯೊಂದು ಹತ್ತನೇ ಒಂದು ಭಾಗ ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ, ಗೆರೆ ದಾಟಿದ ಮೇಲೂ ಬರುತ್ತದೆ ಎಂಬುದೇ ನಿಜವಾದ ಸಂಗತಿ, ಮತ್ತು ಅದನ್ನು ಘೋಷಣೆಯಾಗಿ ಕೂಗುವುದು ಕಷ್ಟ.

ನಿಮ್ಮ ಮುಂದಿರುವ ಇನ್ನೊಂದು ದಾರಿ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಬೆಳೆಗಾರರ ಮಾತಿನಲ್ಲೇ ಹೇಳುವುದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹೇಳುತ್ತ ಬೆಳೆದವರಿಗೆ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಗಳ ಲೆಕ್ಕ ಬಾಯಲ್ಲೇ ಇದೆ. ಸರಾಸರಿ ಜರುಗುವುದು ಎಂದರೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಚೌಕಟ್ಟು ಇಲ್ಲ. ಮುಂಗಾರು ಹಿಡಿಯುವ ಮೊದಲು ಅಡಿಕೆ ಕೊನೆಗಳಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು, ಒಂದೂವರೆ ತಿಂಗಳ ಆಸುಪಾಸಿನಲ್ಲಿ ಇನ್ನೊಮ್ಮೆ ಹೊಡೆಯಬೇಕೆನ್ನುವಾಗ ಮಳೆ ಬಿಟ್ಟ ಹೊಳವು ಸಿಗಲಿಲ್ಲ, ಮದ್ದು ಹೊಡೆಯುವ ಕೊನೆಗೌಡ ಮರ ಹತ್ತಲಾಗಲಿಲ್ಲ, ಕೊಳೆ ಬಂತು ಎಂಬುದು ಅವರಿಗೆ ಯಾವ ವರದಿಯಿಂದಲೂ ತಿಳಿಯಬೇಕಾದ್ದಲ್ಲ. ಆದರೆ ಈ ದಾರಿಯಲ್ಲೂ ಹಳ್ಳಗಳಿವೆ. ನೆನಪು ವಿಪರೀತದ ವರ್ಷಗಳನ್ನು ಹಿಡಿದಿಟ್ಟುಕೊಂಡು ಸಾಮಾನ್ಯ ವರ್ಷಗಳನ್ನು ಬಿಟ್ಟುಬಿಡುತ್ತದೆ. ಅಡಿಕೆಯ ಎಲೆಚುಕ್ಕಿ ರೋಗ ಹರಡಿದ್ದಕ್ಕೆಲ್ಲ ಹವಾಮಾನವೇ ಕಾರಣ ಎಂದು ನೀವು ಹೇಳಿಬಿಟ್ಟರೆ, ಶಿಲೀಂಧ್ರ, ಮಣ್ಣಿನ ಪೋಷಣೆ, ತೋಟದ ಸ್ವಚ್ಛತೆಯ ಮಾತೆಲ್ಲ ಬದಿಗೆ ಸರಿಯುತ್ತದೆ. ಮಳೆ ಜರುಗಿಲ್ಲ, ಪಂಚಾಂಗವೇ ಜರುಗಿದೆ ಎಂದು ವಾದಿಸುವವರೂ ಸಿಕ್ಕಾರು. ಅವರ ಮಾತಿನಲ್ಲಿ ಹುರುಳಿದೆ. ಭೂಮಿಯ ಅಕ್ಷದ ಓಲಾಟದಿಂದ ಮಳೆ ನಕ್ಷತ್ರಗಳ ದಿನಾಂಕ ಋತುಗಳಿಗೆ ಹೋಲಿಸಿದರೆ ನಿಧಾನವಾಗಿ ಮುಂದಕ್ಕೆ ಸರಿಯುವುದು ನಿಜ. ಆದರೆ ಸರಿಯುವುದು ಎಪ್ಪತ್ತು ವರ್ಷಕ್ಕೆ ಸುಮಾರು ಒಂದು ದಿನ ಮಾತ್ರ, ಒಬ್ಬರ ಆಯುಷ್ಯದಲ್ಲಿ ಗಮನಕ್ಕೆ ಬರುವಷ್ಟಲ್ಲ.

ಮಲೆನಾಡಿನಲ್ಲಿ ಮಾತಾಡುವಾಗ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ‘ಪರಿಸರ’ ಎಂಬ ಮಾತು ಕೇಳಿದೊಡನೆ ಅಲ್ಲಿ ಹಲವರಿಗೆ ಕೇಳಿಸುವುದು ‘ಕಸ್ತೂರಿರಂಗನ್ ವರದಿ’, ಅದರ ಹಿಂದೆಯೇ ‘ಒಕ್ಕಲೆಬ್ಬಿಸುತ್ತಾರೆ’. ಪಶ್ಚಿಮಘಟ್ಟದ ರಕ್ಷಣೆಯ ಬಗ್ಗೆ 2011ರ ಗಾಡ್ಗೀಳ್ ಸಮಿತಿಯ ವರದಿಯಾಗಲಿ 2013ರ ಕಸ್ತೂರಿರಂಗನ್ ವರದಿಯಾಗಲಿ ಬಂದದ್ದು ಇಂಗ್ಲಿಷಿನಲ್ಲಿ. ಊರುಗಳಿಗೆ ಮೊದಲು ತಲುಪಿದ್ದು ವರದಿಯ ಮಾತಲ್ಲ, ವರದಿಯ ಬಗೆಗಿನ ಮಾತು. 2024ರ ಜುಲೈನ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ‘ಪರಿಸರ ಸೂಕ್ಷ್ಮ ಪ್ರದೇಶ’ ಎಂದು ಬಂದಾಗಲೂ ಅದೇ ನಡೆಯಿತು. ನಿಮ್ಮ ಸಭೆಯ ನಗುವಿನಲ್ಲಿ ಈ ಅನುಮಾನದ ಪಾಲೂ ಇದ್ದೀತು. ಹಾಗಾಗಿ ಮಾತಿನ ಆರಂಭದಲ್ಲೇ, ನೀವು ಯಾವ ಯೋಜನೆಯ, ಯಾವ ಅಧಿಸೂಚನೆಯ ಪರವಾಗಿಯೂ ಬಂದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡಿ. ವಿಜ್ಞಾನದ ಮೇಷ್ಟ್ರಾಗಿ ಆ ಊರಿನಲ್ಲಿ ನಿಮಗಿರುವ ವಿಶ್ವಾಸವನ್ನು ಯಾವ ಪದವೂ ತಂದುಕೊಡುವುದಿಲ್ಲ, ಒಂದು ತಪ್ಪು ಪದ ಕಳೆದುಹಾಕಬಹುದು.

ಕೊನೆಯದಾಗಿ, ಸಭೆಗೆ ಮೊದಲು ಮಾಡಬಹುದಾದ ಒಂದು ಕೆಲಸ. ದೇಶದ ಲೆಕ್ಕ ನಿಮ್ಮ ಬಳಿ ಇರಲಿ: ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿಯಂತೆ 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ, ಇಳಿಕೆ ಎದ್ದುಕಾಣುವ ಪ್ರದೇಶಗಳಲ್ಲಿ ಪಶ್ಚಿಮಘಟ್ಟವೂ ಒಂದು. ಇದಕ್ಕೆ ಊರಿನ ಲೆಕ್ಕವನ್ನು ಜೋಡಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕಗಳ ದಾಖಲೆ ಸಿಗುತ್ತದೆ, ಆದರೆ ಅದು ಮೂವತ್ತು ವರ್ಷಗಳಷ್ಟು ಹಳೆಯದಲ್ಲ. ತಾಲೂಕಿನ ಹಳೆಯ ಮಳೆಮಾಪನ ಕೇಂದ್ರದ ದಾಖಲೆ ಮೇಲು. ಅದಕ್ಕಿಂತ ಮೇಲಾದದ್ದು ಯಾರದೋ ಜಗಲಿಯ ಮೇಲೆ ಇರಬಹುದು; ನಿಮ್ಮ ಕಡೆ ಅಂಗಳದಲ್ಲಿ ಮಳೆಮಾಪಕವಿಟ್ಟು ದಶಕಗಳಿಂದ ಡೈರಿಯಲ್ಲಿ ಬರೆದಿಟ್ಟವರಿದ್ದಾರೆ. ನಿಮ್ಮನ್ನು ಕೆಣಕಿದ ಆ ಹಿರಿಯರನ್ನೇ ಮೊದಲು ವಿಚಾರಿಸಿ. ಒಟ್ಟು ಮಳೆಯನ್ನು ಕೂಡುವುದಷ್ಟೇ ಸಾಲದು: 2.5 ಮಿಲಿಮೀಟರ್ ಅಥವಾ ಹೆಚ್ಚು ಬಂದ ದಿನಗಳೆಷ್ಟು, 64.5 ಮೀರಿದ ದಿನಗಳೆಷ್ಟು ಎಂದು ದಶಕವಾರು ಬೇರೆಬೇರೆ ಎಣಿಸಿ, ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಮಳೆಯ ದಿನಗಳು ಇಳಿದು ಬಿರುಸಿನ ದಿನಗಳು ಏರಿದ್ದರೆ ಹೊಳವಿನ ಮಾತು, ಬೋರ್ಡೋ ಮಾತು ಸಭೆಯಿಂದಲೇ ಬರುತ್ತದೆ. ನಿಮ್ಮ ಊರಿನ ಅಂಕಿಗಳಲ್ಲಿ ಅಂಥ ಒಲವು ಕಾಣಿಸದಿದ್ದರೆ, ಒಂದು ಊರಿನ ಮಳೆ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುವುದರಿಂದ ಹಾಗಾಗುವುದುಂಟು, ಕಾಣಲಿಲ್ಲ ಎಂದೇ ಹೇಳಿ, ಜಿಲ್ಲೆಯ ಅಂಕಿಗಳನ್ನು ಪಕ್ಕದಲ್ಲಿಟ್ಟು ತೋರಿಸಿ.